ಇಳಿಯಲು ದಾರಿಯಿಲ್ಲದ ದೋಣಿ

ಅತ್ತೆಯನ್ನು ಒಂದು ರಾತ್ರಿಯಾದರೂ ಮನೆಯಿಂದ ಹೊರಗೆ ಮಲಗಿಸಬೇಕು ಅಂತ ದೊಡ್ಡತ್ತೆ ಹಟ ಹಿಡಿದದ್ದರಿಂದಲೇ ನಮ್ಮ ಮನೆಗೆ ದೋಣಿಯ ಮಾತು ಬಂದದ್ದು. ಇಲ್ಲದಿದ್ದರೆ ಕಾಮಸಮುದ್ರದ ಕಡೆಯ ರೈತರಿಗೂ ದೋಣಿಗೂ ಏನು ಸಂಬಂಧ ಹೇಳಿ. ನಮ್ಮಲ್ಲಿ ಕೆರೆ ಇದೆ, ಬೋರ್‌ವೆಲ್ ಇದೆ, ಮಳೆ ಚೆನ್ನಾಗಿ ಬಂದ ವರ್ಷ ನಾಲ್ಕು ದಿನ ಹರಿದು ಸುಮ್ಮನಾಗುವ ಕಾಲುವೆ ಇದೆ. ಹೊಳೆ ಅನ್ನೋದನ್ನ ನಾವು ಟ್ರೈನಿನ ಕಿಟಕಿಯಿಂದ ನೋಡಿದವರು, ಅದೂ ಸೇತುವೆ ಮುಗಿಯುವವರೆಗೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರ್ತದೆ, ಅದು ಊರಿಗೆಲ್ಲ ಗೊತ್ತು. ಇಂಥವಳು ಕೂತು ಅತ್ತೆಯನ್ನ ಹೊಗಳ್ತಾಳೆ ಅಂದರೆ ಜನ ನಗ್ತಾರೆ, ಅದೂ ಗೊತ್ತು. ನಗಲಿ. ಅತ್ತೆ, ದೊಡ್ಡತ್ತೆ, ಈ ಅಕ್ಕತಂಗಿಯರಂಥ ಹೆಂಗಸರನ್ನ ನಾನು ಇನ್ನೆಲ್ಲೂ ನೋಡಿಲ್ಲ. ಅದನ್ನ ಹೇಳದೆ ಸುಮ್ಮನಿರೋಕೆ ನನ್ನ ಕೈಲಾಗಲ್ಲ.

ದೊಡ್ಡತ್ತೆ ಅಂದರೆ ನಮ್ಮ ಅತ್ತೆಯ ಅಕ್ಕ. ಅವರನ್ನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರಿಗೆ ಕೊಟ್ಟರು, ಕೆಜಿಎಫ್‌ನ ನಂದಿದುರ್ಗಕ್ಕೆ ಹೋದರು. ಗಣಿ ಕೆಲಸಗಾರರಿಗೆ ಅಂತ ಕಟ್ಟಿದ ಸಾಲುಮನೆಗಳಿಗೆ ಅಲ್ಲಿ ಲೈನು ಅಂತಾರೆ. ಗಣಿ ಮುಚ್ಚಿದರೂ, ಗಂಡ ಹೋದರೂ ದೊಡ್ಡತ್ತೆ ಅದೇ ಲೈನಿನಲ್ಲಿ ಇದ್ದಾರೆ. ಸುತ್ತಮುತ್ತ ಎಲ್ಲ ತಮಿಳಿನವರು, ಇವರ ಕನ್ನಡದಲ್ಲೂ ಅರ್ಧ ತಮಿಳು. ತಂಗಿಯನ್ನ, ಅಂದರೆ ನಮ್ಮ ಅತ್ತೆಯನ್ನ, ಹಳ್ಳಿಯ ರೈತರ ಮನೆಗೆ ಕೊಟ್ಟರು. ಎರಡು ಮನೆಗೂ ನಡುವೆ ಒಂದು ಬಸ್ಸಿನ ದೂರ. ಅಷ್ಟು ಹತ್ತಿರ ಇದ್ದೂ ಮದುವೆಯಾದ ಮೇಲೆ ಆ ಇಬ್ಬರೂ ಒಂದೇ ಒಂದು ರಾತ್ರಿ ಒಂದೇ ಮನೆಯಲ್ಲಿ ಮಲಗಿರಲಿಲ್ಲ.

ಕಾರಣ ಹಸುಗಳು. ಬೆಳಿಗ್ಗೆ ಕರೆಯಬೇಕು, ಸಂಜೆ ಕರೆಯಬೇಕು, ಕರೆದದ್ದನ್ನ ಹೊತ್ತಿಗೆ ಸರಿಯಾಗಿ ಡೇರಿಗೆ ಹಾಕಬೇಕು. ಹಬ್ಬ ಅನ್ನಂಗಿಲ್ಲ, ಜ್ವರ ಅನ್ನಂಗಿಲ್ಲ. ಅತ್ತೆ ಯಾವ ಮದುವೆಗೆ ಹೋದರೂ ಪಾಯಸ ಬಡಿಸುವಷ್ಟರಲ್ಲಿ ಬಸ್ಸಿನ ಟೈಮ್ ವಿಚಾರಿಸೋಕೆ ಶುರು ಮಾಡ್ತಾರೆ. "ಆಲಿನ ಒತ್ತಾಯ್ತು" ಅಂದರೆ ಮುಗೀತು, ಆಮೇಲೆ ದೇವರೇ ಬಂದು ಕೈ ಹಿಡಿದು ಎಳೆದರೂ ನಿಲ್ಲಲ್ಲ. ದೊಡ್ಡತ್ತೆ ನಮ್ಮಲ್ಲೇ ಉಳಿಯೋಣ ಅಂದರೆ ತಂಗಿ ಕೊಟ್ಟಿಗೆ ಬಿಟ್ಟು ಮಾತಿಗೆ ಸಿಗಲ್ಲ, ಅದಕ್ಕೇ ಅವರೂ ಇಲ್ಲಿ ರಾತ್ರಿ ನಿಲ್ತಿರಲಿಲ್ಲ. ಅತ್ತೆ ನಂದಿದುರ್ಗಕ್ಕೆ ಹೋದರೂ ಅಷ್ಟೇ. ಅಕ್ಕನ ಮನೇಲಿ ಒಂದು ಕಾಫಿ, ಒಂದು ಊಟ, ಎಲೆ ಅಡಿಕೆ ಹಾಕ್ಕೊಂಡು ಮಾತು ಇನ್ನೇನು ಹದಕ್ಕೆ ಬಂತು ಅನ್ನುವಾಗ ಎದ್ದು ಸೆರಗು ಕೊಡವಿಕೊಂಡು ಹೊರಟುಬಿಡ್ತಿದ್ದರು.

ದೊಡ್ಡತ್ತೆ ಇದಕ್ಕೆ ಬೈತಿದ್ದರು, ಆಡಿಕೊಳ್ತಿದ್ದರು, "ನಿನ್ನ ಗಂಡನಿಗೆ ಕೊಟ್ಟಿದ್ದಾ, ಅಸಕ್ಕೆ ಕೊಟ್ಟಿದ್ದಾ?" ಅಂತ ರೇಗಿಸ್ತಿದ್ದರು. ಒಂದು ಸಲ ಮಾತ್ರ ನಗದೆ ಹೇಳಿದರು, ಅದೂ ನನ್ನ ಹತ್ತಿರ. ನಾವಿಬ್ಬರೂ ಬೆಳ್ಳುಳ್ಳಿ ಬಿಡಿಸ್ತಾ ಕೂತಿದ್ದೆವು.

"ನಮ್ಮೋರು ಓದ ದಿನ ಮಣ್ಣು ಮಾಡಿ ಬಂದ್ವಲ್ಲ, ಇವಳು ನನ್ ತಲೆಗೆ ನೀರಾಕಿ, ಗಂಜಿ ಕುಡಿಸಿ, ಸಂಜೆ ಬಸ್ಸಿಗೆ ಒಂಟೋದ್ಲು. ಬೆಳಿಗ್ಗೆ ಮತ್ತೆ ಬಂದ್ಲು. ತಿಥಿ ಆಗೋವರ್ಗೂ ದಿನಾ ಬಂದ್ಲು, ಒಂದು ದಿನ ತಪ್ಪಿಸಲಿಲ್ಲ, ಅದನ್ನ ನಾನು ಮರ್ಯಲ್ಲ. ಆದ್ರೆ ಆ ರಾತ್ರಿ ಇವಳು ನನ್ ಪಕ್ಕ ಮಲಗಬೇಕಿತ್ತು ಕಣಮ್ಮ. ಲೈನಿನೋರೆಲ್ಲ ಇದ್ರು. ಇವಳು ಇರ್ಲಿಲ್ಲ."

ಹೇಳಿ, ಬೆಳ್ಳುಳ್ಳಿ ಸಿಪ್ಪೆ ಉಫ್ ಅಂತ ಊದಿ, ಒಳಗೆ ಎದ್ದುಹೋದರು. ಈ ಹೆಂಗಸು ಕೇಳ್ತಿರೋದು ಬೇರೇನೂ ಅಲ್ಲ, ತಂಗಿಯ ಜೊತೆ ಒಂದು ರಾತ್ರಿ, ಮಾತಾಡ್ಕೊಂಡು ಮಲಗೋಕೆ. ಅದನ್ನ ಕೊಡೋಕೆ ನಮ್ಮ ಮನೆಗೆ ಇಷ್ಟು ವರ್ಷ ಆಗಿರಲಿಲ್ಲ.

ಆಮೇಲೆ ಕೆಲವು ತಿಂಗಳಿಗೆ ದೊಡ್ಡತ್ತೆ ಬೆಳಿಗ್ಗೆ ಬಸ್ಸಿಗೇ ಬಂದು ಇಳಿದರು. ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದರು. ಪಕ್ಕದ ಮನೆಯವರ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದರಂತೆ. ಕೇರಳದ ಹೊಳೆ, ಅದರ ಮೇಲೆ ಮನೆಯಂಥ ದೋಣಿ, ಒಳಗೆ ಮಂಚ, ಅಡುಗೆಮನೆ, ಬಚ್ಚಲು. ಒಂದು ಹಗಲು ಒಂದು ರಾತ್ರಿ ಅದರಲ್ಲೇ. "ಓಗಣ ನಡಿ" ಅಂದರು.

ಅತ್ತೆ ಹಸುವಿಗೆ ಬೂಸಾ ಕಲಸ್ತಾ ನಕ್ಕರು. ನನ್ನ ಗಂಡ ಅವತ್ತು ರಜೆ ಹಾಕಿ ಮನೇಲಿದ್ದರು. ದಿನಾ ಕತ್ತಲಲ್ಲೇ ಬೆಂಗಳೂರಿನ ಟ್ರೈನು ಹತ್ತಿ ಕತ್ತಲಾದ ಮೇಲೆ ಬರುವವರು. ಅಷ್ಟು ದೂರ ಯಾಕೆ ದೊಡ್ಡಮ್ಮ, ಶ್ರೀರಂಗಪಟ್ಟಣದಲ್ಲಿ ತೆಪ್ಪ ಇದೆ, ಕಾರು ಮಾಡಿಕೊಂಡು ಹೋದರೆ ಅದೇ ದಿನ ಬಂದುಬಿಡಬಹುದು ಅಂದರು. ದೊಡ್ಡತ್ತೆ ಅವರನ್ನ ಕಣ್ಣಲ್ಲೇ ಸುಟ್ಟರು.

"ಅದೇ ದಿನ ಬರಂಗಿದ್ರೆ ನನಗ್ಯಾಕಲಾ ಬೇಕು? ನೆಲದ ಮೇಲೆ ಎಲ್ಲಿಗೆ ಕರ್ಕೊಂಡೋದ್ರೂ ಇವಳು ಎದ್ದು ಬಸ್ಸತ್ತಿಬಿಡ್ತಾಳೆ. ತಿರುಪತಿಗೆ ಕರ್ಕೊಂಡೋದೆ, ಬೆಟ್ಟ ಇಳಿದೋಳೇ ಊರಿಗೆ ಓಡಿ ಬಂದ್ಲು. ನೀರಿನ ಮೇಲೆ ಕೂರಿಸ್ತೀನಿ. ಎಲ್ಲಿಗೆ ಓಗ್ತಾಳೋ ನೋಡ್ತೀನಿ."

ಅಬ್ಬಾ ಅನ್ನಿಸಿತು ನನಗೆ. ಜನ ದೋಣಿಗೆ ಹೋಗೋದು ನೀರು ನೋಡೋಕೆ, ತೆಂಗಿನಮರ ನೋಡೋಕೆ, ಫೋಟೋ ತೆಗೆಸಿಕೊಳ್ಳೋಕೆ. ಇವರು ದೋಣಿ ಹುಡುಕಿದ್ದು ತಂಗಿ ಇಳಿದು ಓಡಬಾರದು ಅಂತ. ಎಷ್ಟು ವರ್ಷ ಯೋಚನೆ ಮಾಡಿದ್ದರೆ ಈ ಉಪಾಯ ಹೊಳೆದಿರಬೇಕು! ನಾನಾಗಿದ್ದರೆ ಎರಡು ಸಲ ಕರೆದು, ಮೂರನೇ ಸಲ ಜಗಳ ಆಡಿ, ಮಾತು ಬಿಟ್ಟಿರುತ್ತಿದ್ದೆ.

ದೋಣಿಯವರ ನಂಬರ್ ಹುಡುಕಿಕೊಟ್ಟದ್ದು ನಾನು. ಮಾತಾಡಿದ್ದು ದೊಡ್ಡತ್ತೆ, ತಮಿಳಿನಲ್ಲಿ. ಆ ಕಡೆಯವನು ಮಲಯಾಳಿ, ಆದರೂ ತಮಿಳು ಚೆನ್ನಾಗಿ ಬರ್ತಿತ್ತು. ಸ್ಪೀಕರ್ ಹಾಕಿ ಫೋನನ್ನ ಜಗಲಿ ಮೇಲೆ ಇಟ್ಟೆ. ನನಗೂ ಕೆಜಿಎಫ್ ತಮಿಳು ಅರ್ಥ ಆಗ್ತದೆ. ಅವನು ಬಾಯಿಪಾಠ ಒಪ್ಪಿಸೋಕೆ ಶುರು ಮಾಡಿದ: ಎ.ಸಿ. ರೂಮು, ಮೀನಿನ ಊಟ, ಸಂಜೆ ಬಾಳೆಹಣ್ಣಿನ ಬಜ್ಜಿ. ದೊಡ್ಡತ್ತೆ ಯಾವುದನ್ನೂ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ.

"ಅದೆಲ್ಲ ಇರ್ಲಿ ತಂಬಿ. ರಾತ್ರಿ ನಿನ್ ದೋಣಿ ಎಲ್ಲಿರ್ತದೆ?"

"ಸಂಜೆಗೇ ದಡಕ್ಕೆ ಕಟ್ಟಿಬಿಡ್ತೀವಮ್ಮ. ಕತ್ತಲಾದ ಮೇಲೆ ಮೀನಿನೋರು ಬಲೆ ಬಿಡ್ತಾರೆ, ಓಡಿಸಂಗಿಲ್ಲ."

ದೊಡ್ಡತ್ತೆಯ ಮುಖ ಸಪ್ಪಗಾಯಿತು. "ದಡಕ್ಕಾ? ದಡದಲ್ಲಿ ರಸ್ತೆ ಇರ್ತದಾ?"

"ರಸ್ತೆ ಬೇಕೇನಮ್ಮ? ಬೇಕಂದ್ರೆ ಪೇಟೆ ಹತ್ತಿರಾನೇ ಕಟ್ಟಿಸ್ತೀನಿ, ಆರಾಮಾಗಿ ಸುತ್ತಾಡ್ಕೊಂಡು ಬರಬಹುದು."

"ಬೇಡ, ಬೇಡ! ರಸ್ತೆ ಇರಬಾರ್ದು. ಬಸ್ಸು, ಆಟೋ ಏನೂ ಸಿಗಬಾರ್ದು. ಒಬ್ಬ ಮನುಷ್ಯ ಇಳೀಬೇಕು ಅಂತ ಅತ್ಕೊಂಡ್ರೂ ಇಳಿಯಕ್ಕಾಗಬಾರ್ದು. ಅಂಥ ಜಾಗ ಐತಾ?"

ಪಾಪ, ಯಾರನ್ನೋ ಕಟ್ಟಿಹಾಕಿ ತರ್ತಿದ್ದಾರೆ ಅಂತ ಹೆದರಿಕೊಂಡನೋ ಏನೋ. ಮೆಲ್ಲಗೆ ಕೇಳಿದ, "ಎಷ್ಟು ಜನ ಬರ್ತೀರಮ್ಮ?"

"ಇಬ್ಬರೇ. ನಾನು, ನನ್ ತಂಗಿ. ಪೂರ್ತಿ ದೋಣಿ ನಮಗೇ ಬೇಕು. ಬೇರೆ ಒಂದು ನರಪಿಳ್ಳೆ ಇರಬಾರ್ದು."

ಇಬ್ಬರಿಗೆ ಪೂರ್ತಿ ದೋಣಿ ದಂಡ, ಇನ್ನೊಂದು ಕುಟುಂಬದ ಜೊತೆ ಸೇರಿಸ್ತೀನಿ, ನಿಮಗೂ ಮಾತಿಗೆ ಜನ ಸಿಗ್ತಾರೆ ಅಂತ ಅವನು ಒಳ್ಳೇ ಮನಸ್ಸಿನಿಂದಲೇ ಹೇಳಿದ.

"ಅಯ್ಯೋ ಬೇಡಪ್ಪ! ಇನ್ನೊಬ್ರು ಇದ್ರೆ ಇವಳು ಅವ್ರಿಗೆ ಊಟಕ್ಕಿಕ್ಕಕ್ಕೆ ನಿಂತ್ಕೊಂಡುಬಿಡ್ತಾಳೆ. ಅವ್ರ ಮಕ್ಕಳಿಗೆ ಮೂಗೊರೆಸ್ತಾಳೆ. ನಿಮ್ಮ ಅಡುಗೆಯವನಿಗೂ ಏಳ್ಬಿಡು, ಇವಳನ್ನ ಅಡುಗೆಮನೆ ಒಳಕ್ಕೆ ಬಿಟ್ರೆ ನಾನು ಸುಮ್ನಿರಲ್ಲ. ಅದಕ್ಕೆ ಬಾಗಿಲೈತಾ? ಚಿಲಕ?"

ಕೊಟ್ಟಿಗೆಯಿಂದ ಅತ್ತೆ ಕೂಗಿದರು, "ನಾನೇನು ಕಳ್ಳಿನಾ, ಚಿಲಕ ಆಕಕ್ಕೆ?"

"ಕಳ್ಳಿಗಿಂತ ಕಡೆ ನೀನು. ಕಳ್ಳಿಯಾದ್ರೆ ರಾತ್ರಿಯಾದ್ರೂ ಬರ್ತಾಳೆ!"

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕೊನೆಗೆ ದೋಣಿಯವನೇ ದಾರಿಗೆ ಬಂದ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಬರೀ ಭತ್ತದ ಗದ್ದೆ, ಮಂಡಿವರೆಗೆ ನೀರು, ಕಣ್ಣು ಹಾಯಿಸಿದಷ್ಟು ದೂರ ದಾರಿ ಇಲ್ಲ, ಅಂಥ ಕಡೆ ಕಟ್ಟಿಸ್ತೀನಿ ಅಂದ. ದೊಡ್ಡತ್ತೆಯ ಮುಖ ಅರಳಿತು. ಆ ಒಂದು ದಿನಕ್ಕಾಗಿ ಅವರು ಎಷ್ಟು ಕಾಲದಿಂದ ಕೂಡಿಟ್ಟಿದ್ದರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ದೋಣಿ ಸಿಕ್ಕಿತು, ಆದರೆ ಅತ್ತೆ ಇನ್ನೂ ಹ್ಞೂಂ ಅಂದಿರಲಿಲ್ಲ. "ಕರಿ ಅಸ?" ಅಂದರು, ಅಷ್ಟೇ. ನಮ್ಮ ಮನೇಲಿ ಎರಡು ಹಸು. ಕೆಂದ ಹಸು ಸಾಧು, ಯಾರು ಕೂತರೂ ಕೊಡ್ತದೆ, ನಾನೇ ಕರೀತೀನಿ. ಕರಿ ಹಸುವಿನ ಕಥೆ ಬೇರೆ. ಅದರ ಕರು ಹುಟ್ಟಿದ ವಾರಕ್ಕೇ ಸತ್ತುಹೋಯಿತು. ಅವತ್ತಿನಿಂದ ಅತ್ತೆ ಕೂತರೆ ಮಾತ್ರ ಹಾಲು ಇಳಿಸ್ತದೆ. ನಾನು ಕೂತರೆ ಒದೆ. ಮಾವ ಕೂತರೆ ಎರಡು ಒದೆ. ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಂಡು ಹಸು ಕೆಟ್ಟುಹೋಗ್ತದೆ.

ಅವತ್ತು ದೊಡ್ಡತ್ತೆ ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದರು, "ನಮ್ಮೋರು ಓದ ದಿನ ಇರು ಅಂತ ನಾನು ಕೇಳಲಿಲ್ಲ. ಈಗ ಕೇಳ್ತಾ ಇದೀನಿ."

ಅತ್ತೆಯ ಕೈ ಬೂಸಾದಲ್ಲೇ ನಿಂತುಹೋಯಿತು. ತಲೆ ಎತ್ತಲಿಲ್ಲ. ಹಸು ಮೂತಿ ತೂರಿಸಿ ಅವರ ಮೊಣಕೈಯನ್ನ ನೆಕ್ಕುತ್ತಿತ್ತು.

"ಬತ್ತೀನಿ ಕಣಕ್ಕ" ಅಂದರು.

ಆಮೇಲೆ ನಮ್ಮ ತಾಲೀಮು ಶುರುವಾಯಿತು. ನಮ್ಮ ಕಡೆ ಹಾಲು ಕರೆಯುವವರಿಗೆಲ್ಲ ಗೊತ್ತಿರುವ ಉಪಾಯ ಒಂದಿದೆ. ಒಬ್ಬರಿಗೇ ಒಗ್ಗಿಕೊಂಡ ಹಸುವನ್ನ ಬೇರೆಯವರು ಕರೀಬೇಕು ಅಂದರೆ ಅವರ ಬಟ್ಟೆ ಉಟ್ಟು ಕೂರಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರಿದ್ದಾರೆ, ಹೆಂಡತಿ ತವರಿಗೆ ಹೋದಾಗಲೆಲ್ಲ ಲುಂಗಿ ಮೇಲೆ ಅವಳ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಆ ದಪ್ಪ ಮೀಸೆ ಹೊತ್ತುಕೊಂಡು ಕೊಟ್ಟಿಗೆಗೆ ಹೋಗ್ತಾರೆ. ಯಾರೂ ನಗಲ್ಲ. ನಕ್ಕರೆ ಡೇರಿಗೆ ಹಾಕೋಕೆ ಹಾಲಿರಲ್ಲ.

ಅತ್ತೆಗೆ ಕೊಟ್ಟಿಗೆಗೇ ಅಂತ ಒಂದು ಹಸಿರು ಸೀರೆ ಇದೆ. ದಿನಾ ಸಂಜೆ ಅತ್ತೆ ಅದನ್ನ ಬಿಚ್ಚಿ ಕೊಡೋರು, ನಾನು ಉಟ್ಟುಕೊಂಡು ಕರಿ ಹಸುವಿನ ಪಕ್ಕ ಕೂರ್ತಿದ್ದೆ. ಅತ್ತೆ ಹುಲ್ಲಿನ ಮೆದೆ ಹಿಂದೆ ಅಡಗಿ ನಿಂತು ಪಿಸುಗುಡೋರು, "ಮೊದ್ಲು ಬೆನ್ನು ಸವರು... ಅಂಗಲ್ಲ, ಬಾಲದ ಕಡೆಯಿಂದ... ಮಾತಾಡ್ಸು, ಸುಮ್ನೆ ಕೂತ್ರೆ ಅದಕ್ಕೆ ಬೇಜಾರು." ಮೊದಲೆರಡು ದಿನ ಒದೆ ತಿಂದೆ. ಬಾಯಿಗೆ ಬಂದಂತೆ ಬೈದೆ, ಹಸುವಿಗೂ ಅತ್ತೆಗೂ. ಆಮೇಲೆ ಒಂದು ಸಂಜೆ ಅದು ನನ್ನ ಭುಜ ಮೂಸಿ, ಉಸ್ಸಂತ ಉಸಿರು ಬಿಟ್ಟು, ಹಾಲು ಇಳಿಸಿತು. ಮೆದೆ ಹಿಂದಿನಿಂದ ಅತ್ತೆ ಚಪ್ಪಾಳೆ ಹೊಡೆದುಬಿಟ್ಟರು.

ಮಾವನಿಗೆ ಮಾತ್ರ ನಂಬಿಕೆ ಇಲ್ಲ. "ಅವಳೆಲ್ಲಿ ಓಗ್ತಾಳೆ? ಬಂಗಾರಪೇಟೆ ತಂಕ ಓಗಿ ವಾಪಸ್ ಬರ್ತಾಳೆ ನೋಡು" ಅಂತ ಡೇರಿಯಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದರು. ನನಗೆ ಮೈ ಉರಿದುಹೋಯಿತು.

ಹೊರಡುವ ದಿನ ಅತ್ತೆ ಸಂಜೆಯ ಹಾಲು ಕರೆದೇ ಹೊರಟರು. ಕೇರಳದ ಟ್ರೈನು ಬಂಗಾರಪೇಟೆಗೆ ರಾತ್ರಿ ಬರ್ತದೆ. ನನ್ನ ಗಂಡ ಸ್ಟೇಷನ್ನಿನವರೆಗೆ ಕರೆದುಕೊಂಡು ಹೋದರು. ದೊಡ್ಡತ್ತೆ ಮಾರಿಕುಪ್ಪಂನಿಂದ ಬರುವ ಟ್ರೈನಿನಲ್ಲಿ ಸಂಜೆಗೇ ಬಂದು ಪ್ಲಾಟ್‌ಫಾರ್ಮಿನಲ್ಲಿ ಕಾದು ಕೂತಿದ್ದರಂತೆ, ಹೊಸ ಸೀರೆ, ತಲೆ ತುಂಬ ಕನಕಾಂಬರ. ಟ್ರೈನು ಹೊರಡುವಾಗ ಅತ್ತೆಯ ರಟ್ಟೆಯನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು ಅಂತ ಗಂಡ ಬಂದು ಹೇಳಿದರು. ಮಾವ ಕೇಳಿಸಿಕೊಂಡು ಮಲಗೋಕೆ ಹೋದರು.

ಬೆಳಿಗ್ಗೆ ಎದ್ದು ಹಸಿರು ಸೀರೆಗೆ ಕೈ ಹಾಕಿದೆ. ಗೂಟದಲ್ಲಿ ಇರಲಿಲ್ಲ. ನನ್ನ ಬೀರುವಿನ ಮೇಲೆ ಇತ್ತು. ಒಗೆದು, ಒಣಗಿಸಿ, ನೀಟಾಗಿ ಮಡಿಸಿ ಇಟ್ಟಿದ್ದರು. ಹೊರಡುವ ದಿನ ಬೆಳಿಗ್ಗೆಯ ಗಡಿಬಿಡಿಯಲ್ಲಿ, ಸೊಸೆ ಉಡ್ತಾಳೆ, ಸಗಣಿ ಗಂಜಲದ ವಾಸನೆ ಇರಬಾರದು ಅಂತ, ಸೋಪಿನ ಪುಡಿ ಹಾಕಿ ತಿಕ್ಕಿ ಒಗೆದಿದ್ದರು. ಹಸು ಬಣ್ಣ ನೋಡಿ ಗುರುತು ಹಿಡೀತದೆ ಅಂತ ನಮ್ಮತ್ತೆಯ ನಂಬಿಕೆ. ಸೀರೆ ಮೂಸಿದೆ. ಸೋಪಿನ ಘಮ ಬಿಟ್ಟು ಇನ್ನೇನೂ ಇಲ್ಲ. ಬೈಯೋಣ ಅಂದರೆ ಬಾಯಿ ಬರಲಿಲ್ಲ, ಇಷ್ಟು ಅಕ್ಕರೆಯಿಂದ ಕೆಡಿಸಿದವರನ್ನ ಹೇಗೆ ಬೈಯೋದು?

ಆದರೂ ಉಟ್ಟೆ, ಆದರೂ ಕೂತೆ. ಕರಿ ಹಸು ಒಂದು ಸಲ ತಿರುಗಿ ಮೂಸಿತು. ಆಮೇಲೆ ಕೊಟ್ಟ ಒದೆಗೆ ಸ್ಟೀಲ್ ಬಕೆಟ್ ಗೋಡೆಗೆ ಹೋಗಿ ಬಡಿದು ಸೊಟ್ಟಗಾಯಿತು, ನನ್ನ ಮೊಣಕಾಲ ಕೆಳಗೆ ಚರ್ಮ ಕಿತ್ತುಬಂತು. ಮತ್ತೆ ಕೂತೆ, ಮತ್ತೆ ಒದೆ. ಒಂದು ತೊಟ್ಟು ಹಾಲು ಬಿಡಲಿಲ್ಲ.

ಅಷ್ಟರಲ್ಲಿ ಫೋನು. ಅತ್ತೆ. ಟ್ರೈನು ಇಳಿದು ದೋಣಿಯ ಕಡೆಗೆ ಹೋಗುವ ಬಸ್ಸಿಗೆ ನಿಂತಿದ್ದಾರೆ. ಇನ್ನೂ ನೆಲದ ಮೇಲೆ ಇದ್ದಾರೆ.

"ಆಲು ಕೊಟ್ಲಾ?"

ನಿಜ ಹೇಳಿದರೆ ಏನಾಗ್ತದೆ ಅಂತ ನನಗೆ ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಗೊತ್ತು. ಆ ಬಸ್ಸು ಬಿಟ್ಟು ಊರಿನ ಕಡೆಯ ಟ್ರೈನು ಹತ್ತಿಬಿಡ್ತಾರೆ. ದೊಡ್ಡತ್ತೆ ಹೊಸ ಸೀರೆ ಉಟ್ಟುಕೊಂಡು ಒಬ್ಬರೇ ನಿಂತಿರ್ತಾರೆ.

"ಓ, ತುಂಬಾ ಕೊಟ್ಟಳು" ಅಂದೆ.

"ಒದೀಲಿಲ್ವಾ?"

"ಬಂಗಾರದಂಗೆ ನಿಂತಿದ್ದಳು ಅತ್ತೆ."

ಮಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಸೊಟ್ಟ ಬಕೆಟ್ಟನ್ನೂ ನನ್ನ ಕಾಲಿನ ರಕ್ತವನ್ನೂ ನೋಡ್ತಿದ್ದರು. ಅತ್ತೆ ಇನ್ನೇನೋ ಕೇಳುವುದರಲ್ಲಿದ್ದರು, ಹಿಂದಿನಿಂದ ದೊಡ್ಡತ್ತೆ "ಬಾರೇ, ಬಸ್ಸು ಒಂಟೋಗ್ತದೆ" ಅಂತ ಕೂಗಿದ್ದು ಕೇಳಿಸಿತು, ಫೋನು ಕಟ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ದೋಣಿ ಹತ್ತಿದೆವು ಅಂತ ದೊಡ್ಡತ್ತೆ ದೋಣಿಯವನ ಫೋನಿನಿಂದ ಒಂದು ಫೋಟೋ ಕಳಿಸಿದರು. ಬೆತ್ತದ ಕುರ್ಚಿಯ ತುದಿಯಲ್ಲಿ ಅತ್ತೆ, ಯಾರೋ ಎಬ್ಬಿಸಿ ಕಳಿಸಿಬಿಡ್ತಾರೇನೋ ಅನ್ನುವ ಹಾಗೆ ಕೂತಿದ್ದರು.

ಇಲ್ಲಿ ಕರಿ ಹಸುವಿನ ಕೆಚ್ಚಲು ಕಲ್ಲಾಗ್ತಾ ಬಂತು. ಮೇವು ಮುಟ್ಟಲಿಲ್ಲ. ಹಿಂದಿನ ಬೀದಿಯ ಮೀಸೆಯವರು ಬಂದು ನೋಡಿ, ಸಂಜೆಯೂ ಇಳಿಸದೆ ಹೋದರೆ ಕಷ್ಟ, ಹಾಲಿಳಿಯೋಕೆ ಸೂಜಿ ಚುಚ್ಚಿಸಿಬಿಡಿ ಅಂದರು. ಅತ್ತೆ ಯಾವತ್ತೂ ಆ ಸೂಜಿಗೆ ಒಪ್ಪಿದವರಲ್ಲ. ಮಾವ ಅಡ್ಡಡ್ಡ ತಲೆ ಆಡಿಸಿದರು. ನನಗೆ ತಲೆ ಕೆಟ್ಟುಹೋಗಿತ್ತು. ಹಸು ಸತ್ತರೆ ಅತ್ತೆಯ ಮುಖ ಹೇಗೆ ನೋಡಲಿ, ಅತ್ತೆಯನ್ನ ವಾಪಸ್ ಕರೆಸಿದರೆ ದೊಡ್ಡತ್ತೆಯ ಮುಖ ಹೇಗೆ ನೋಡಲಿ?

ಸಂಜೆಯ ಹಾಲಿನ ಹೊತ್ತಾಯಿತು. ಆ ಹಸಿರು ಸೀರೆಯನ್ನೇ ಸಗಣಿ ನೀರಲ್ಲಿ ಅದ್ದಿ ಉಡಲೇ ಅಂತ ಯೋಚಿಸ್ತಾ ನಿಂತಿದ್ದೆ. ಮಾವ ಒಳಗಿನಿಂದ ಬಂದರು. ಕೈಯಲ್ಲಿ ಅತ್ತೆ ಹೊದೆಯುವ ದುಪ್ಪಟಿ ಇತ್ತು, ಹಳೇ ಸೀರೆಗಳನ್ನ ಸೇರಿಸಿ ಅತ್ತೆಯೇ ಹೊಲಿದದ್ದು.

"ಇದನ್ನ ಒಗೆದಿಲ್ಲ" ಅಂದರು. "ರಾತ್ರಿ ನಾನು ಇದನ್ನೇ ಒದ್ಕೊಂಡು ಮಲಗಿದ್ದೆ. ಇದರಾಗೆ ಅವಳು ಇನ್ನೂ ಇದಾಳೆ."

ಹೇಳಿದವರೇ ನಾಚಿಕೊಂಡು ಡೇರಿಯ ಕ್ಯಾನು ತೊಳೆಯೋಕೆ ಹೊರಟುಹೋದರು. ಮನುಷ್ಯ ಇಡೀ ವಾರ ಊರೆಲ್ಲ ಅತ್ತೆಯನ್ನ ಆಡಿಕೊಂಡು, ಅವರು ಇಲ್ಲದ ಮೊದಲ ರಾತ್ರಿ ಅವರ ದುಪ್ಪಟಿ ಹೊದ್ದು ಮಲಗಿದ್ದಾರೆ! ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ತಲೆಯಿಂದ ದುಪ್ಪಟಿ ಹೊದ್ದುಕೊಂಡು ಕೂತೆ. ಬೆವರು, ಹರಳೆಣ್ಣೆ, ಎಲೆಅಡಿಕೆ, ಹೊಗೆ, ಎಲ್ಲ ಸೇರಿ ಅತ್ತೆಯೇ ಬಂದು ಪಕ್ಕ ಕೂತ ಹಾಗಾಯಿತು. ಕರಿ ಹಸು ಕತ್ತು ತಿರುಗಿಸಿ ದುಪ್ಪಟಿಗೆ ಮೂತಿ ಒತ್ತಿತು. ಬಹಳ ಹೊತ್ತು ಮೂಸಿತು. ನಾನು ಬಾಲದ ಕಡೆಯಿಂದ ಬೆನ್ನು ಸವರಿದೆ, ಮಾತಾಡಿಸಿದೆ. ನಿನ್ನಮ್ಮ ದೋಣಿಯಲ್ಲಿದ್ದಾಳೆ ಕಣೇ, ಒಂದು ರಾತ್ರಿ, ಒಂದೇ ಒಂದು ರಾತ್ರಿ ಬಿಡೇ ಅವಳನ್ನ ಅಂದೆ. ಬೆರಳ ಕೆಳಗೆ ಮೊಲೆ ಮೆತ್ತಗಾಯಿತು. ಸೊಟ್ಟ ಬಕೆಟ್ಟಿಗೆ ಮೊದಲ ಹಾಲು ಸರ್ರಂತ ಬಿತ್ತು. ಆಮೇಲೆ ನಿಲ್ಲಲೇ ಇಲ್ಲ.

ಅರ್ಧ ಬಕೆಟ್ ಆಗಿದ್ದಾಗ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಒಂದು ಕೈಯಲ್ಲಿ ಕರೀತಾ ಇನ್ನೊಂದು ಕೈಯಲ್ಲಿ ತೆಗೆದು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡೆ. ಅತ್ತೆಯೇ ಇರಬೇಕು ಅಂತ ಗೊತ್ತಿತ್ತಲ್ಲ, ಹಾಲಿನ ಹೊತ್ತು.

"ಕೊಟ್ಟಳು ಅತ್ತೆ! ದೇವರಾಣೆ ಕೊಟ್ಟಳು, ಸದ್ದು ಕೇಳಿ ಬೇಕಾದರೆ" ಅಂದೆ.

"ಶ್! ಮೆಲ್ಲಗೆ ಮಾತಾಡು. ನಾನು, ದೊಡ್ಡತ್ತೆ."

"ಅತ್ತೆ ಎಲ್ಲಿ? ಕೊಡಿ."

"ಮಲಗವ್ಳೆ."

ನನ್ನ ಕೈ ನಿಂತುಹೋಯಿತು. ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ಈ ಹೊತ್ತಿನಲ್ಲಿ ಮಲಗಿದ್ದು ಕಂಡಿಲ್ಲ. ಹೆರಿಗೆಯಾಗಿ ನಾನು ಮಲಗಿದ್ದಾಗಲೂ ಇಲ್ಲ, ಅವರಿಗೇ ಮೈ ಸುಡುವ ಜ್ವರ ಇದ್ದಾಗಲೂ ಇಲ್ಲ. "ಯಾಕೆ, ಹುಷಾರಿಲ್ವಾ?" ಅಂದೆ.

"ಏನೂ ಆಗಿಲ್ಲ. ರಾತ್ರಿ ಟ್ರೈನಲ್ಲಿ ಆಲಿನ ಯೋಚ್ನೇಲೇ ಕಣ್ಣು ಮುಚ್ಚದೆ ಕೂತಿದ್ಲು. ಊಟ ಮಾಡಿ, ಒರಗ್ಕೊಂಡು ನೀರು ನೋಡ್ತಾ ನೋಡ್ತಾ ಅಂಗೇ ನಿದ್ದೆ ಓಗ್ಬಿಟ್ಲು. ಆಲಿನ ಒತ್ತಿಗೆ ಎದ್ದೇ ಏಳ್ತಾಳೆ ಅನ್ಕೊಂಡೆ. ಏಳಲಿಲ್ಲ. ದೋಣಿ ಗದ್ದೆ ಪಕ್ಕ ಕಟ್ಟಾಯ್ತು, ಇಂಜಿನ್ ಆಫ್ ಆಯ್ತು, ಅಡುಗೆಯವನು ಬಜ್ಜಿ ತಂದಿಟ್ಟು ಓದ. ಊಹ್ಞೂಂ."

ಆ ಕಡೆಯಿಂದ ನೀರು ಮರಕ್ಕೆ ತಟ್ಟುವ ಸದ್ದು ಸಣ್ಣಗೆ ಕೇಳಿಸ್ತಿತ್ತು. ದೊಡ್ಡತ್ತೆ ಇಷ್ಟು ವರ್ಷ ಕಾದು, ಇಷ್ಟೆಲ್ಲ ಹೊಂಚು ಹಾಕಿ ತಂಗಿಯನ್ನ ನೀರಿನ ಮೇಲೆ ಹಿಡಿದು ತಂದು, ಈಗ ಒಬ್ಬರೇ ಕೂತಿದ್ದಾರೆ.

"ಎಬ್ಬಿಸಿ ದೊಡ್ಡತ್ತೆ" ಅಂದೆ. "ಮಾತಾಡಬೇಕು ಅಂತ ತಾನೆ ನೀವು ಇಷ್ಟೆಲ್ಲ ಮಾಡಿದ್ದು? ಬೆಳಿಗ್ಗೆ ಇಳಿದುಬಿಡ್ತೀರಿ."

ನಾನು ಕರಿ ಹಸುವಿನ ಪಕ್ಕೆಗೆ ಹಣೆ ಒತ್ತಿಕೊಂಡು ಅಳ್ತಿದ್ದೆ, ಅದನ್ನ ಮುಚ್ಚಿಡೋಕೂ ಹೋಗಲಿಲ್ಲ.

"ಮಾತು ಬೇಕಾದಷ್ಟಿತ್ತು ಕಣಮ್ಮ, ರಾಶಿ ಇತ್ತು" ಅಂದರು. "ಆದ್ರೆ ಇವಳು ಮಲಗಿರೋದನ್ನ ನಾನು ನೋಡಿದ್ದು ನನ್ ಮದ್ವೆಗೆ ಮುಂಚೆ. ಆಗ ಚಿಕ್ಕೋಳು. ಈಗ್ಲೂ ಅಂಗೇ ಮಲಗ್ತಾಳೆ, ಬಾಯಿ ತಕ್ಕೊಂಡು, ಕೆನ್ನೆ ಕೆಳಗೆ ಕೈ ಇಟ್ಕೊಂಡು. ಇದನ್ನ ಯಾರಾದ್ರೂ ಎಬ್ಬಿಸ್ತಾರಾ? ನೀನು ಫೋನ್ ಇಡು, ಸದ್ದಿಗೆ ಎದ್ದಾಳು."